ಗಾಂಧಿ ಬಜಾರಿನ ಬೀದಿ ಯಾರಿಗೆ ಸೇರಿದ್ದು?

ಬೆಂಗಳೂರಿನಲ್ಲಿ ವಾಹನದ ಹಂಗಿಲ್ಲದೆ ಇಡೀ ಸಂಜೆಯನ್ನು ಕಳೆಯಬಹುದಾದ ಬಡಾವಣೆಗಳು ಬೆರಳೆಣಿಕೆಯಷ್ಟು; ಅವುಗಳಲ್ಲಿ ಬಸವನಗುಡಿಯ ಹೆಸರು ಮೊದಲಿಗೇ ಬರುತ್ತದೆ. ನ್ಯಾಷನಲ್ ಕಾಲೇಜಿನ ಮೆಟ್ರೊ ನಿಲ್ದಾಣದಲ್ಲಿ ಇಳಿದು, ಗಾಂಧಿ ಬಜಾರಿನ ಹೂವಿನ ಸಾಲುಗಳನ್ನು ದಾಟಿ, ವಿದ್ಯಾರ್ಥಿ ಭವನದಲ್ಲಿ ಮಸಾಲೆ ದೋಸೆ ತಿಂದು, ಬ್ಯೂಗಲ್ ರಾಕ್ ಉದ್ಯಾನದ ಬಂಡೆಯ ಮೇಲೆ ಸ್ವಲ್ಪ ಹೊತ್ತು ಕುಳಿತು, ಬಿ.ಪಿ. ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನಲ್ಲಿ ಉಪನ್ಯಾಸವನ್ನೋ ಸಂಗೀತವನ್ನೋ ಕೇಳುವುದಕ್ಕೆ ಸುಮಾರು ಮೂರು ಕಿಲೋಮೀಟರ್ ನಡೆದರೆ ಸಾಕು. ಈ ಬಡಾವಣೆಯ ವ್ಯಾಪಾರದ ಮುಖ್ಯ ಬೀದಿಯಾದ ಗಾಂಧಿ ಬಜಾರನ್ನು ನಡೆಯುವವರಿಗೆ ಅನುಕೂಲವಾಗುವಂತೆ ಹೊಸದಾಗಿ ವಿನ್ಯಾಸಗೊಳಿಸಲು ನಗರ ಭೂಸಾರಿಗೆ ನಿರ್ದೇಶನಾಲಯ ರೂಪಿಸಿದ ಯೋಜನೆಯು ಕೆಲವು ವರ್ಷಗಳಿಂದ ವರ್ತಕರು, ನಿವಾಸಿಗಳು, ಬೀದಿಬದಿ ವ್ಯಾಪಾರಿಗಳು ಮತ್ತು ಅಧಿಕಾರಿಗಳ ನಡುವೆ ಬಿಸಿ ಚರ್ಚೆಗೆ ಕಾರಣವಾಗಿದೆ. ಚರ್ಚೆಯ ಬಹುಪಾಲು ರಸ್ತೆಯಲ್ಲಿ ಕಾರು ಇರಬೇಕೇ ಬೇಡವೇ ಎಂಬುದರ ಸುತ್ತಲೇ ಸುತ್ತಿದೆ. ಅದು ಕೇಳಲೇಬೇಕಾದ ಪ್ರಶ್ನೆಯೇ ಹೌದು. ಆದರೆ ಅದಕ್ಕೂ ಮೊದಲು ಕೇಳಬೇಕಾದದ್ದು, ಜನ ಇಲ್ಲಿ ನಡೆಯುವುದು ಏತಕ್ಕಾಗಿ ಮತ್ತು ಆ ಕಾರಣಗಳನ್ನು ಉಳಿಸುವ ಹೊಣೆ ಯಾರದು ಎಂಬುದು.

ಬಸವನಗುಡಿ ತಾನಾಗಿ ಬೆಳೆದ ಊರಲ್ಲ. 1890ರ ದಶಕದಲ್ಲಿ ಮೈಸೂರು ಸರ್ಕಾರ ಮಲ್ಲೇಶ್ವರ ಮತ್ತು ಬಸವನಗುಡಿಯನ್ನು ಹಳೆಯ ಪೇಟೆಯ ಹೊರಗೆ ಹೊಸ ಬಡಾವಣೆಗಳಾಗಿ ಯೋಜಿಸಿತು. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಸಾವುಗಳು ಹೆಚ್ಚಿದಾಗ ಜನ ಇತ್ತ ಬರುವುದು ಚುರುಕಾಯಿತು. ಗಾಳಿ, ಬೆಳಕು ಮತ್ತು ಚರಂಡಿ, ಇವು ಆ ಯೋಜನೆಯ ಮೂರು ಮುಖ್ಯ ಕಾಳಜಿಗಳಾಗಿದ್ದವು. ಒಂದಕ್ಕೊಂದು ನೇರವಾಗಿ ಕೂಡುವ ಅಡ್ಡರಸ್ತೆಗಳು, ನಡುವೆ ಉದ್ಯಾನಕ್ಕೆಂದು ಬಿಟ್ಟ ಜಾಗ, ಮನೆಗಳ ಹಿಂಬದಿಯಲ್ಲಿ ನೈರ್ಮಲ್ಯದ ಕೆಲಸಕ್ಕಾಗಿ ಬಿಟ್ಟ ಕಿರು ಓಣಿಗಳು ಆ ಕಾಲದಲ್ಲಿಯೇ ಬಂದಂಥವು. ಇಂದು ಬಸವನಗುಡಿಯಲ್ಲಿ ನಡೆಯುವುದು ಹಿತವೆನಿಸುವುದಕ್ಕೆ ಈ ನಕ್ಷೆಯೇ ಅರ್ಧ ಕಾರಣ: ಅಡ್ಡರಸ್ತೆಗಳು ಹತ್ತಿರ ಹತ್ತಿರ ಇರುವುದರಿಂದ ಒಂದು ದಾರಿ ಮುಚ್ಚಿದರೆ ಇನ್ನೊಂದು ಸಿಗುತ್ತದೆ, ಎಲ್ಲಿಂದ ಎಲ್ಲಿಗೆ ಹೋದರೂ ಸುತ್ತು ಹಾಕಬೇಕಾಗುವುದಿಲ್ಲ, ಹಳೆಯ ಸಾಲುಮರಗಳ ನೆರಳು ಬಹುತೇಕ ಕಡೆ ಇನ್ನೂ ಉಳಿದಿದೆ. ನಗರದ ಹೊರವಲಯದಲ್ಲಿ ಕಳೆದ ಎರಡು ದಶಕಗಳಲ್ಲಿ ಎದ್ದ ಬಡಾವಣೆಗಳಲ್ಲಿ ಕಣ್ಣಿಗೆ ಕಾಣುವ ಅಂಗಡಿಗೆ ಹೋಗಲು ಗೋಡೆ ಸುತ್ತಿಕೊಂಡು ಒಂದು ಕಿಲೋಮೀಟರ್ ನಡೆಯಬೇಕಾದವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು.

ಆದರೆ ಅದೇ ನಕ್ಷೆಯ ಇನ್ನೊಂದು ಮುಖವನ್ನು ಮರೆತು ಈ ಬಡಾವಣೆಯನ್ನು ಹೊಗಳುವುದು ನ್ಯಾಯವಾಗುವುದಿಲ್ಲ. ಈ ಹೊಸ ಬಡಾವಣೆಗಳಲ್ಲಿ ನಿವೇಶನಗಳನ್ನು ಜಾತಿವಾರು ವಿಂಗಡಿಸಿ ಹಂಚಲಾಗಿತ್ತು; ಮೇಲ್ಜಾತಿಯ, ಓದು ಕಲಿತ, ಸರ್ಕಾರಿ ನೌಕರಿಯಲ್ಲಿದ್ದ ಕುಟುಂಬಗಳಿಗೆ ಒಳ್ಳೆಯ ಜಾಗಗಳು ದೊರೆತವು. ಮನೆಯ ಹಿಂದಿನ ಓಣಿಯೂ ಮಲ ಹೊರುವವರು ಮುಂಬಾಗಿಲಿಗೆ ಬಾರದಿರಲೆಂದು ಮಾಡಿದ ಏರ್ಪಾಡೇ ಆಗಿತ್ತು. ಇಂದು ಆ ಓಣಿಗಳನ್ನು ನಡಿಗೆಯ ದಾರಿಗಳಾಗಿ ಮಾಡಬೇಕೆಂಬ ಒಳ್ಳೆಯ ಮಾತು ಕೇಳಿಬರುತ್ತಿದೆ, ಮಲ್ಲೇಶ್ವರದಲ್ಲಿ ಅಂಥ ಪ್ರಯತ್ನಗಳೂ ನಡೆದಿವೆ. ಅವನ್ನು ಸ್ವಾಗತಿಸುವಾಗಲೂ ಬೀದಿ ಎಂಬುದು ಎಲ್ಲರಿಗೂ ಸಮನಾಗಿ ತೆರೆದುಕೊಂಡ ಜಾಗವಾಗಿ ಇಲ್ಲಿ ಹುಟ್ಟಲಿಲ್ಲ ಎಂಬುದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಅದನ್ನು ಎಲ್ಲರ ಬೀದಿಯನ್ನಾಗಿ ಮಾಡಿದ್ದು ಬಜಾರು, ಅಂದರೆ ವ್ಯಾಪಾರ.

ಗಾಂಧಿ ಬಜಾರಿನಲ್ಲಿ ಯಾವ ಜಾತಿಯವರೂ, ಯಾವ ಊರಿನವರೂ ಬುಟ್ಟಿ ಇಟ್ಟುಕೊಂಡು ಕೂರಬಹುದಾಗಿತ್ತು, ಯಾರೂ ಬಂದು ಕೊಳ್ಳಬಹುದಾಗಿತ್ತು. ಮಲ್ಲಿಗೆ, ಸೇವಂತಿಗೆ, ಕನಕಾಂಬರದ ಮಾಲೆಗಳು, ಬಾಳೆ ಎಲೆಯ ಕಟ್ಟುಗಳು, ವೀಳ್ಯದೆಲೆ, ತರಕಾರಿ, ಹಣ್ಣು, ಪೂಜಾ ಸಾಮಗ್ರಿಯ ಗ್ರಂದಿಗೆ ಅಂಗಡಿಗಳು, ಸೀರೆ ಮತ್ತು ಪಾತ್ರೆಯ ಅಂಗಡಿಗಳು ಇಲ್ಲಿಯೂ ಪಕ್ಕದ ಡಿ.ವಿ.ಜಿ. ರಸ್ತೆಯಲ್ಲಿಯೂ ಒತ್ತಾಗಿ ಸೇರಿಕೊಂಡಿವೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ತಾವರೆ ಮೊಗ್ಗು ಮತ್ತು ಬಾಳೆಕಂದು, ಗೌರಿ ಗಣೇಶಕ್ಕೆ ಮಣ್ಣಿನ ಮೂರ್ತಿ ಮತ್ತು ಗರಿಕೆ, ಯುಗಾದಿಗೆ ಬೇವು ಮತ್ತು ಮಾವಿನ ಎಲೆ, ಚಳಿಗಾಲಕ್ಕೆ ಸೊಗಡಿನ ಅವರೆಕಾಯಿ, ಹೀಗೆ ಈ ಬೀದಿಯು ಪಂಚಾಂಗವನ್ನು ಅನುಸರಿಸಿ ತನ್ನ ಸರಕನ್ನು ಬದಲಿಸುತ್ತದೆ. ಕವಿ ಕೆ.ಎಸ್. ನಿಸಾರ್ ಅಹಮದ್ ಅವರು 1960ರಲ್ಲಿ ಹೊರಬಂದ ತಮ್ಮ ಮೊದಲ ಕವನ ಸಂಕಲನದ ಹೆಸರಿನಲ್ಲಿ ಮನಸ್ಸಿಗೆ ಈ ಬಜಾರನ್ನೇ ಹೋಲಿಸಿದರು ಎಂದರೆ, ಆ ಹೊತ್ತಿಗಾಗಲೇ ಇದರ ಸಂದಣಿ ಕನ್ನಡದ ಓದುಗರಿಗೆ ವಿವರಣೆ ಬೇಡದ ಸಂಗತಿಯಾಗಿತ್ತು.

ಊಟ ತಿಂಡಿಯ ವಿಷಯಕ್ಕೆ ಬಂದರೆ, ಈ ಭಾಗದ ಹೋಟೆಲುಗಳ ಕೀರ್ತಿಯನ್ನು ಬಿಡಿಯಾಗಿ ನೋಡುವುದಕ್ಕಿಂತ ಬೀದಿಯ ಜೊತೆಗೆ ಇಟ್ಟು ನೋಡುವುದು ಹೆಚ್ಚು ಉಪಯುಕ್ತ. ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. 1924ರಲ್ಲಿ, ಡಿ.ವಿ.ಜಿ. ರಸ್ತೆಯ ಮಹಾಲಕ್ಷ್ಮಿ ಟಿಫಿನ್ ರೂಮ್ 1926ರಲ್ಲಿ, ವಿದ್ಯಾರ್ಥಿ ಭವನ 1943ರಲ್ಲಿ, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಲ್ಲಿ ಆರಂಭವಾದವು. ಹಪ್ಪಳ, ಸಂಡಿಗೆ, ಚಕ್ಕುಲಿಗೆ ಹೆಸರಾದ ಸುಬ್ಬಮ್ಮನ ಅಂಗಡಿ 1948ರಿಂದ ಇದೇ ಬಜಾರಿನಲ್ಲಿದೆ. ವಿದ್ಯಾರ್ಥಿ ಭವನದ ದಪ್ಪನೆಯ, ಕೆಂಪಗೆ ಗರಿಗರಿಯಾದ ದೋಸೆಯನ್ನೂ ತೋಳಿನ ಮೇಲೆ ತಟ್ಟೆಗಳನ್ನು ಜೋಡಿಸಿಕೊಂಡು ಬರುವ ಮಾಣಿಯನ್ನೂ ಬಣ್ಣಿಸದ ಬರಹಗಾರರು ಕಡಿಮೆ. ನಾನು ಇಲ್ಲಿ ಗಮನ ಸೆಳೆಯಬಯಸುವುದು ಆ ಹೋಟೆಲಿನ ಹೊರಗೆ ಕಾಯುತ್ತ ನಿಂತ ಜನರ ಕಡೆಗೆ. ಒಳಗೆ ಜಾಗ ಸಿಗುವವರೆಗೆ ಅವರು ನಿಲ್ಲುವುದು ಬೀದಿಯಲ್ಲಿ. ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಂತೂ ಕೂತು ತಿನ್ನುವ ಏರ್ಪಾಡೇ ಇಲ್ಲ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್ ಮತ್ತು ಕಾಫಿ, ಇಷ್ಟೇ ಪಟ್ಟಿ. ಸಾಂಬಾರು ಇಲ್ಲ, ಚಟ್ನಿ ಧಾರಾಳ. ಗ್ರಾಹಕರು ತಟ್ಟೆ ಹಿಡಿದು ಹೊರಗೆ ನಿಂತೇ ತಿನ್ನುತ್ತಾರೆ. ಅಂದರೆ ಈ ಹೋಟೆಲುಗಳ ಊಟದ ಕೋಣೆಯ ಒಂದು ಪಾಲು ಸಾರ್ವಜನಿಕ ಬೀದಿಯೇ ಆಗಿದೆ. ಕಡಿಮೆ ಬೆಲೆ, ಚಿಕ್ಕ ಜಾಗ, ಬಿಡುವಿಲ್ಲದ ವ್ಯಾಪಾರ ಎಂಬ ಲೆಕ್ಕಾಚಾರ ಸರಿಹೊಂದುವುದು ಬಾಗಿಲ ಮುಂದೆ ನಿಲ್ಲಲು, ಮಾತನಾಡಲು, ಕಾಯಲು ಸುರಕ್ಷಿತವಾದ ಜಾಗ ಇದ್ದಾಗ. ಆ ಜಾಗದಲ್ಲಿ ಸ್ಕೂಟರುಗಳು ತುಂಬಿಕೊಂಡರೆ ಹೋಟೆಲಿಗೆ ಬರುವ ಹಿರಿಯರು ಮೊದಲು ಹಿಂದೆ ಸರಿಯುತ್ತಾರೆ, ಮಕ್ಕಳನ್ನು ಕರೆತರುವವರು ಆಮೇಲೆ.

ಸಂಸ್ಕೃತಿಯ ಸಂಸ್ಥೆಗಳ ಮಾತೂ ಹೀಗೆಯೇ. ಡಿ.ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ್ದು 1945ರಲ್ಲಿ, ಬಿ.ಪಿ. ವಾಡಿಯಾ ಮತ್ತು ಸೋಫಿಯಾ ವಾಡಿಯಾ ದಂಪತಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಅನ್ನು ಆರಂಭಿಸಿದ್ದೂ ಅದೇ ವರ್ಷ. 1917ರ ನ್ಯಾಷನಲ್ ಕಾಲೇಜಿನ ಆವರಣದಲ್ಲಿ ಎಚ್. ನರಸಿಂಹಯ್ಯನವರ ಪ್ರೇರಣೆಯಿಂದ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಹುಟ್ಟಿತು. ಇನ್ನು ಕೃಷ್ಣರಾಜೇಂದ್ರ ರಸ್ತೆಯ ಗಾಯನ ಸಮಾಜಕ್ಕೆ ನೂರಕ್ಕೂ ಹೆಚ್ಚು ವರ್ಷಗಳಾಗಿವೆ. ಇವುಗಳಲ್ಲಿ ಹಲವೆಡೆ ಉಪನ್ಯಾಸಕ್ಕೆ ಪ್ರವೇಶ ಶುಲ್ಕವಿಲ್ಲ, ಮುಂಗಡ ನೋಂದಣಿಯ ಗೊಡವೆ ಇಲ್ಲ. ಸಂಜೆ ತರಕಾರಿ ಕೊಳ್ಳಲು ಹೊರಟವರು ಫಲಕದಲ್ಲಿ ವಿಷಯ ನೋಡಿ ಒಳಗೆ ಹೋಗಿ ಕುಳಿತುಕೊಳ್ಳುವಂಥ ಸಲಿಗೆ ಇಲ್ಲಿಯ ಸಭೆಗಳಿಗಿತ್ತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಗವಿಪುರದ ತಮ್ಮ ಮನೆಯಿಂದ ಬಸವನಗುಡಿಯ ಕ್ಲಬ್ಬಿಗೆ ನಡೆದು ಹೋಗುತ್ತಿದ್ದುದು, ಡಿ.ವಿ.ಜಿ.ಯವರ ಸಂಜೆಯ ಓಡಾಟ, ಇವೆಲ್ಲ ಬಸವನಗುಡಿಯ ಹಿರಿಯರ ನೆನಪುಗಳಲ್ಲಿ ಇಂದಿಗೂ ಬರುವ ಸಂಗತಿಗಳು. ಸಾಹಿತಿಯೊಬ್ಬರನ್ನು ದಾರಿಯಲ್ಲಿ ನಿಲ್ಲಿಸಿ ಮಾತನಾಡಿಸಬಹುದಾದ ನೆರೆಹೊರೆಯೊಂದು ಇದ್ದುದು ಕನ್ನಡದ ಸಾಂಸ್ಕೃತಿಕ ಬದುಕಿಗೆ ಎಷ್ಟು ದೊಡ್ಡ ಆಸರೆಯಾಗಿತ್ತು ಎಂಬುದನ್ನು ನಾವು ಇನ್ನೂ ಸರಿಯಾಗಿ ಲೆಕ್ಕ ಹಾಕಿಲ್ಲ ಎಂದೇ ನನ್ನ ಭಾವನೆ.

ಈಗ ಮರುವಿನ್ಯಾಸದ ಯೋಜನೆಗೆ ಬರೋಣ. ಆರಂಭದ ಕಲ್ಪನೆ ಧೈರ್ಯದ್ದಾಗಿತ್ತು: ಗಾಂಧಿ ಬಜಾರಿನ ಮುಖ್ಯರಸ್ತೆಯಿಂದ ವಾಹನಗಳನ್ನು ದೂರವಿಟ್ಟು, ಅಗಲವಾದ ನಡೆದಾರಿ ಮಾಡಿ, ವ್ಯಾಪಾರಿಗಳಿಗೆ ಗೊತ್ತಾದ ಸ್ಥಳಗಳನ್ನು ಕಟ್ಟಿಕೊಡುವುದು, ವಾಹನಗಳ ನಿಲುಗಡೆಗೆ ಹತ್ತಿರದಲ್ಲಿ ಬಹುಮಹಡಿ ಕಟ್ಟಡ ಒದಗಿಸುವುದು. ಅಂಗಡಿಗಳ ಮಾಲೀಕರು ಇದನ್ನು ಬಲವಾಗಿ ವಿರೋಧಿಸಿದರು; ಕಾರಿನಲ್ಲಿ ಬರುವ ಗ್ರಾಹಕ ಬಾಗಿಲಲ್ಲಿ ಇಳಿಯಲಾಗದಿದ್ದರೆ ಜಯನಗರಕ್ಕೋ ಮಾಲಿಗೋ ಹೋಗುತ್ತಾನೆ ಎಂಬುದು ಅವರ ಭಯ. 2023ರ ಉದ್ದಕ್ಕೂ ರಸ್ತೆ ಅಗೆದ ಸ್ಥಿತಿಯಲ್ಲಿತ್ತು, ಕಾಮಗಾರಿ ಹೇಳಿದ ಸಮಯಕ್ಕೆ ಮುಗಿಯಲಿಲ್ಲ, ಕೊನೆಗೆ ವಾಹನಗಳಿಗೂ ದಾರಿ ಬಿಟ್ಟುಕೊಟ್ಟು ಮೂಲ ಕಲ್ಪನೆಯನ್ನು ಸಡಿಲಿಸಲಾಯಿತು. ಈ ಅವಧಿಯಲ್ಲಿ ಅತಿ ಹೆಚ್ಚು ಪೆಟ್ಟು ತಿಂದವರು ಬೀದಿಬದಿಯ ವ್ಯಾಪಾರಿಗಳು. ಅಂಗಡಿ ಇದ್ದವರಿಗೆ ಬಾಗಿಲು ಮುಚ್ಚಿದರೂ ವಿಳಾಸವೊಂದು ಉಳಿಯುತ್ತದೆ. ದಿನದಿನದ ಸಂಪಾದನೆಯಲ್ಲಿ ಬದುಕುವ ಹೂವಾಡಗಿತ್ತಿಗೆ ಕೂರುವ ಮೂಲೆ ಬದಲಾದರೆ ಹಳೆಯ ಗಿರಾಕಿಯೇ ಕೈತಪ್ಪುತ್ತಾರೆ.

ವರ್ತಕರ ಭಯವನ್ನು ಅಸಡ್ಡೆ ಮಾಡಬಾರದು, ಆದರೆ ಅದನ್ನು ಅಳೆದು ನೋಡಬೇಕು. ಒಂದು ಕಾರು ನಿಲ್ಲಲು ಸುಮಾರು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಜಾಗ, ಅಂದರೆ ಹನ್ನೆರಡು ಚದರ ಮೀಟರಿಗಿಂತ ಹೆಚ್ಚು ಬೇಕು. ಅದೇ ಜಾಗದಲ್ಲಿ ನಾಲ್ಕೈದು ಬೀದಿ ವ್ಯಾಪಾರಿಗಳು ಕೂತು ದಿನವಿಡೀ ನೂರಾರು ಜನರಿಗೆ ಸರಕು ಮಾರಬಲ್ಲರು. ಕಾರು ಒಂದು ಗಂಟೆ ನಿಂತು ಒಂದೆರಡು ಕುಟುಂಬದ ಖರೀದಿಗೆ ನೆರವಾಗುತ್ತದೆ. ಹತ್ತು ಕಾರುಗಳ ಸಾಲು ತೆಗೆದರೆ ಐವತ್ತು ಮೀಟರ್ ಉದ್ದದ ನಡೆದಾರಿ ಎರಡೂವರೆ ಮೀಟರ್ ಅಗಲವಾಗುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯು ವಸತಿ ಪ್ರದೇಶದಲ್ಲಿಯೂ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ನಡೆದಾರಿ ಇರಬೇಕೆಂದೂ ವ್ಯಾಪಾರ ಪ್ರದೇಶದಲ್ಲಿ ಅದು ಎರಡೂವರೆ ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಇರಬೇಕೆಂದೂ ಹೇಳುತ್ತದೆ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿರುವಾಗ, ಎಷ್ಟು ಅಗಲದ ನಿಲುಗಡೆ ಕೊಟ್ಟರೂ ಅದು ತುಂಬಿಹೋಗುವುದು ಖಚಿತ. ಇನ್ನೊಂದು ಸಂಗತಿಯೂ ಇದೆ: 2017ರ ಜೂನ್‌ನಲ್ಲಿ ಹಸಿರು ಮಾರ್ಗದ ದಕ್ಷಿಣ ಭಾಗ ತೆರೆದಾಗಿನಿಂದ ಮೆಟ್ರೊ ಈ ಬಜಾರಿಗೆ ಹತ್ತು ಹದಿನೈದು ನಿಮಿಷದ ನಡಿಗೆಯ ದೂರದಲ್ಲಿದೆ, ಮತ್ತು 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ಕಡೆಯಿಂದ ಬರುವವರು ಆರ್.ವಿ. ರಸ್ತೆಯಲ್ಲಿ ಗಾಡಿ ಬದಲಿಸಿ ಅಲ್ಲಿಂದ ನಾಲ್ಕನೆಯ ನಿಲ್ದಾಣದಲ್ಲಿ ಇಳಿಯಬಹುದು. ಹಾಗಿದ್ದೂ ನಿಲ್ದಾಣದಿಂದ ಬಜಾರಿನವರೆಗೆ ಒಂದೇ ಮಟ್ಟದ, ದೀಪವಿರುವ, ತಡೆಯಿಲ್ಲದ ನಡೆದಾರಿ ಇರುವಂತೆ ನೋಡಿಕೊಳ್ಳುವುದು ಬಜಾರಿನ ಒಳಗೆ ದುಬಾರಿ ಕಲ್ಲು ಹಾಸುವುದಕ್ಕಿಂತ ತುರ್ತಿನ ಕೆಲಸ ಎಂದು ಯಾರಿಗೂ ಅನ್ನಿಸದಿರುವುದು ನನಗೆ ಬೇಸರದ ವಿಷಯ.

ಕಲ್ಲುಹಾಸಿನ ಬಗ್ಗೆ ಚರ್ಚ್ ಸ್ಟ್ರೀಟ್ ಒಂದು ಪಾಠವನ್ನು ಆಗಲೇ ಕೊಟ್ಟಿದೆ. 2018ರಲ್ಲಿ ಆ ರಸ್ತೆಗೆ ಚಪ್ಪಡಿ ಕಲ್ಲುಗಳನ್ನು ಹಾಸಲಾಯಿತು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನಗಳನ್ನು ನಿಲ್ಲಿಸಿ ಪ್ರಯೋಗ ನಡೆಯಿತು, ಜನ ಮೆಚ್ಚಿದರು. ಆದರೆ ಪಬ್ಬು, ಪುಸ್ತಕದಂಗಡಿ, ಕೆಫೆಗಳ ಆ ರಸ್ತೆಗೆ ಜನ ಬರುವುದು ಬಿಡುವಿನ ವೇಳೆಯನ್ನು ಕಳೆಯಲಿಕ್ಕೆ. ಗಾಂಧಿ ಬಜಾರಿಗೆ ಜನ ಬರುವುದು ಅರ್ಧ ಕಿಲೋ ಬೀನ್ಸ್, ಎರಡು ಮೊಳ ಹೂವು ಕೊಂಡು ಮನೆಗೆ ಮರಳಲಿಕ್ಕೆ, ಅದೂ ವಾರದ ಏಳೂ ದಿನ. ಕೈಚೀಲ ಹಿಡಿದು ನಡೆಯುವ ಎಪ್ಪತ್ತರ ಹರೆಯದ ಹೆಂಗಸಿಗೆ ಉಬ್ಬುತಗ್ಗಿನ ಕಲ್ಲಿಗಿಂತ ಸಮತಟ್ಟಾದ ಕಾಂಕ್ರೀಟು, ಆಗಾಗ ಕೂರಲು ಒಂದು ಕಟ್ಟೆ, ಹತ್ತಿರದಲ್ಲಿ ಶುಚಿಯಾದ ಶೌಚಾಲಯ ಹೆಚ್ಚು ಉಪಕಾರಿ. ಮರದ ಬುಡದವರೆಗೆ ಕಾಂಕ್ರೀಟು ತುಂಬಿ ಬೇರಿಗೆ ನೀರು ಇಳಿಯದಂತೆ ಮಾಡಿದರೆ ಹತ್ತು ವರ್ಷದಲ್ಲಿ ನೆರಳೂ ಹೋಗುತ್ತದೆ, ಆಗ ಎಷ್ಟೇ ಅಗಲದ ದಾರಿ ಇದ್ದರೂ ಏಪ್ರಿಲ್ ಮಧ್ಯಾಹ್ನ ಅಲ್ಲಿ ನಡೆಯುವವರು ಇರುವುದಿಲ್ಲ.

ಕಾನೂನಿನ ನೆಲೆಯಲ್ಲಿ ಬೀದಿ ವ್ಯಾಪಾರಿಗಳ ಸ್ಥಾನ ಹಲವರು ತಿಳಿದಿರುವುದಕ್ಕಿಂತ ಗಟ್ಟಿಯಾಗಿದೆ. ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣ ಕಾಯ್ದೆಯು 2014ರಲ್ಲಿ ಜಾರಿಗೆ ಬಂದಿತು. ಅದರ ಪ್ರಕಾರ ವ್ಯಾಪಾರಿಗಳ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ, ಈಗಾಗಲೇ ಕೂರುತ್ತಿರುವವರನ್ನು ಎಬ್ಬಿಸುವಂತಿಲ್ಲ. ಸ್ಥಳಾಂತರಿಸಬೇಕಾದರೂ ಮೂವತ್ತು ದಿನಗಳ ನೋಟಿಸು ಬೇಕು. ಬೀದಿ ವ್ಯಾಪಾರದ ವಿಷಯಗಳನ್ನು ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯ ಸದಸ್ಯರಲ್ಲಿ ಶೇ 40ಕ್ಕಿಂತ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ತಮ್ಮೊಳಗಿಂದ ಆರಿಸಿದವರು ಇರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಹೆಂಗಸರಾಗಿರಬೇಕು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಬೀದಿ ವ್ಯಾಪಾರ ನಡೆದುಬಂದ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿಯ ವ್ಯಾಪಾರಿಗಳನ್ನು ಬೇರೆಡೆಗೆ ಕಳುಹಿಸಬಾರದು ಎಂಬ ತತ್ತ್ವವನ್ನೂ ಕಾಯ್ದೆಯ ಎರಡನೆಯ ಅನುಸೂಚಿ ಒಳಗೊಂಡಿದೆ. ಈ ಮಾನದಂಡಕ್ಕೆ ಗಾಂಧಿ ಬಜಾರಿಗಿಂತ ಚೆನ್ನಾಗಿ ಒಪ್ಪುವ ಬೀದಿ ಬೆಂಗಳೂರಿನಲ್ಲಿ ಕೆಲವೇ ಇರಬಹುದು. ವ್ಯಾಪಾರಿಗಳು ನಡೆದಾರಿಯನ್ನು ಆಕ್ರಮಿಸಿದ್ದಾರೆ ಎಂಬ ದೂರು ಸುಳ್ಳಲ್ಲ. ಅದಕ್ಕೆ ಪರಿಹಾರ ಗೆರೆ ಹಾಕಿ ಜಾಗ ಗೊತ್ತುಮಾಡುವುದರಲ್ಲಿದೆ, ಲಾರಿ ತಂದು ತಕ್ಕಡಿ ಬುಟ್ಟಿಗಳನ್ನು ಎತ್ತಿಹಾಕುವುದರಲ್ಲಿ ಇಲ್ಲ.

ಬೀದಿಯನ್ನು ಚೆಂದಗೊಳಿಸುವುದರಿಂದಲೇ ಹುಟ್ಟುವ ಒಂದು ಅಪಾಯವೂ ಇದೆ. ನಡೆಯಲು ಹಿತವಾದ ಬೀದಿಯ ನೆಲಕ್ಕೆ ಬೆಲೆ ಏರುತ್ತದೆ, ಬಾಡಿಗೆ ಏರುತ್ತದೆ. ಅಲ್ಪ ಲಾಭದ ಮೇಲೆ ನಡೆಯುವ ಗ್ರಂದಿಗೆ ಅಂಗಡಿ, ಬಳೆಯಂಗಡಿ, ಪುಸ್ತಕದಂಗಡಿಗಳು ಮೊದಲು ಜಾಗ ಖಾಲಿ ಮಾಡುತ್ತವೆ, ಅವುಗಳ ಜಾಗಕ್ಕೆ ಎಲ್ಲ ನಗರಗಳಲ್ಲಿಯೂ ಒಂದೇ ರೀತಿ ಕಾಣುವ ಸರಣಿ ಮಳಿಗೆಗಳು ಬರುತ್ತವೆ. ಅಡ್ಡರಸ್ತೆಗಳಲ್ಲಿ ಹೆಂಚಿನ ಮಾಡು, ಜಗುಲಿ, ಅಂಗಳದ ಸಂಪಿಗೆ ಮರ ಇದ್ದ ಮನೆಗಳು ಒಂದೊಂದಾಗಿ ಉರುಳಿ ನಾಲ್ಕಂತಸ್ತಿನ ಕಟ್ಟಡಗಳಾಗುತ್ತಿರುವುದು ಇಲ್ಲಿ ಓಡಾಡುವವರೆಲ್ಲ ನೋಡುತ್ತಿರುವ ದೃಶ್ಯ. ನೆಲಮಹಡಿಯಲ್ಲಿ ಜಗುಲಿಯ ಬದಲು ಕಾರು ನಿಲುಗಡೆಯ ಕಬ್ಬಿಣದ ಗೇಟು ಬಂದಾಗ ಬೀದಿಯತ್ತ ನೋಡುವ ಕಣ್ಣುಗಳು ಇಲ್ಲವಾಗುತ್ತವೆ, ಪ್ರತಿ ಗೇಟಿನ ಮುಂದೆಯೂ ನಡೆದಾರಿ ಇಳಿಜಾರಾಗಿ ಕತ್ತರಿಸಿಹೋಗುತ್ತದೆ. ಹಳೆಯ ಮನೆಯನ್ನು ಉಳಿಸಿಕೊಳ್ಳುವವರಿಗೆ ತೆರಿಗೆಯಲ್ಲಿ ರಿಯಾಯಿತಿಯೋ ಬೇರೆಡೆ ಮಾರಬಹುದಾದ ಕಟ್ಟಡ ಹಕ್ಕೋ ಸಿಗದಿದ್ದರೆ, ಭಾವುಕತೆಯೊಂದರ ಮೇಲೆ ಯಾವ ಕುಟುಂಬವೂ ಅದನ್ನು ಉಳಿಸಲಾರದು. ನಗರದ 2031ರ ಕರಡು ಮಹಾಯೋಜನೆಯನ್ನು ಸರ್ಕಾರ ಹಿಂತೆಗೆದುಕೊಂಡ ಮೇಲೆ ಈ ಪ್ರಶ್ನೆಗಳು 2007ರಲ್ಲಿ ಒಪ್ಪಿಗೆ ಪಡೆದ ಹಳೆಯ ಯೋಜನೆಯ ಚೌಕಟ್ಟಿನಲ್ಲಿಯೇ ಸಿಕ್ಕಿಕೊಂಡಿವೆ.

ವಾಹನವಿಲ್ಲದೆ ಬಸವನಗುಡಿ ನಡೆಯಲಾರದು ಎನ್ನುವವರಿಗೆ ವರ್ಷಕ್ಕೊಮ್ಮೆ ಇದೇ ಬಡಾವಣೆ ಉತ್ತರ ಕೊಡುತ್ತದೆ. ಕಾರ್ತಿಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ದೊಡ್ಡ ಬಸವಣ್ಣನ ಗುಡಿಯ ಸುತ್ತಲಿನ ರಸ್ತೆಗಳಲ್ಲಿ ವಾಹನ ನಿಲ್ಲುತ್ತದೆ, ಸುತ್ತಲಿನ ಜಿಲ್ಲೆಗಳಿಂದಲೂ ತಮಿಳುನಾಡು ಆಂಧ್ರದ ಕಡೆಯಿಂದಲೂ ಬಂದ ರೈತರು, ವ್ಯಾಪಾರಿಗಳು ರಸ್ತೆಯ ಇಬ್ಬದಿಯಲ್ಲಿ ಕಡಲೆಕಾಯಿಯ ರಾಶಿ ಹಾಕಿ ಸೇರಿನಲ್ಲಿ ಅಳೆದು ಮಾರುತ್ತಾರೆ, ಲಕ್ಷಾಂತರ ಜನ ನಡೆದೇ ಬಂದು ನಡೆದೇ ಹೋಗುತ್ತಾರೆ. 2025ರಲ್ಲಿ ಅದನ್ನು ಐದು ದಿನಗಳಿಗೆ ವಿಸ್ತರಿಸಲಾಯಿತು. ಆ ದಿನಗಳಲ್ಲಿ ಸುತ್ತಲಿನ ಹೋಟೆಲು ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಸ, ಗದ್ದಲ, ನಿವಾಸಿಗಳ ತೊಂದರೆ ಇವೆಲ್ಲ ಇದ್ದೇ ಇರುತ್ತವೆ ಮತ್ತು ಅವುಗಳ ನಿರ್ವಹಣೆ ಸುಧಾರಿಸಬೇಕು. ಆದರೂ ಗ್ರಾಹಕರು ಕಾರಿನಿಂದ ಬಾಗಿಲಲ್ಲಿ ಇಳಿಯದಿದ್ದರೆ ವ್ಯಾಪಾರ ನಿಲ್ಲುತ್ತದೆ ಎಂಬ ವಾದವನ್ನು ಪರಿಷೆಯು ಪ್ರತಿ ವರ್ಷವೂ ಪರೀಕ್ಷೆಗೆ ಒಡ್ಡುತ್ತಿದೆ.

ವಾಹನವನ್ನು ಒಂದೇ ಏಟಿಗೆ ಹೊರಗಿಡುವ ಬದಲು ಗಂಟೆಗಳ ಲೆಕ್ಕದಲ್ಲಿ ಹಂಚುವುದು ಗಾಂಧಿ ಬಜಾರಿಗೆ ಹೆಚ್ಚು ಒಗ್ಗುವ ದಾರಿ ಎಂದು ನಾನು ಭಾವಿಸುತ್ತೇನೆ. ಬೆಳಗಿನ ಜಾವದಿಂದ ಎಂಟು ಗಂಟೆಯವರೆಗೆ ಸರಕು ಇಳಿಸುವ ಗಾಡಿಗಳಿಗೆ ಬಿಡಬಹುದು. ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಆಂಬುಲೆನ್ಸ್ ಮತ್ತು ಅಂಗವಿಕಲರ ವಾಹನಗಳ ಹೊರತು ಬೇರೆ ಯಾವುದಕ್ಕೂ ಬಿಡದಿರಬಹುದು. ಉಳಿದ ಹೊತ್ತಿನಲ್ಲಿ ನಿಲುಗಡೆಗೆ ಗಂಟೆಯ ಲೆಕ್ಕದಲ್ಲಿ ದುಡ್ಡು ಪಡೆದು ಆ ಹಣವನ್ನು ಇದೇ ಬೀದಿಯ ದೀಪ, ಶೌಚಾಲಯ, ಕಸ ವಿಲೇವಾರಿಗೆ ಬಳಸಬಹುದು. ಆಟೊಗಳಿಗೆ ಬಜಾರಿನ ಎರಡೂ ತುದಿಯಲ್ಲಿ ನಿಲ್ದಾಣ ಇದ್ದರೆ ನಡೆಯಲಾರದ ಹಿರಿಯರ ಚಿಂತೆಯೂ ಬಹುಮಟ್ಟಿಗೆ ನೀಗುತ್ತದೆ. ಇದಕ್ಕೆ ಹೊಸ ಕಾಮಗಾರಿಯಾಗಲಿ ಕೋಟಿಗಟ್ಟಲೆ ಟೆಂಡರಾಗಲಿ ಬೇಕಾಗಿಲ್ಲ. ಬೇಕಾದದ್ದು ಸಂಚಾರ ಪೊಲೀಸರು ಮತ್ತು ಪಾಲಿಕೆ ಒಂದೇ ಆದೇಶಕ್ಕೆ ಬದ್ಧರಾಗುವುದು.

2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ರಚನೆಯಾಗಿ ನಗರವು ಐದು ಪಾಲಿಕೆಗಳಾಗಿ ಹಂಚಿಹೋದ ಮೇಲೆ, ಪಟ್ಟಣ ವ್ಯಾಪಾರ ಸಮಿತಿಗಳನ್ನು ಹೊಸ ಪಾಲಿಕೆಗಳ ಮಟ್ಟದಲ್ಲಿ ಗಟ್ಟಿಗೊಳಿಸುವ ಅವಕಾಶ ಒದಗಿದೆ. ಗಾಂಧಿ ಬಜಾರಿನ ವ್ಯಾಪಾರಿಗಳನ್ನು ಎಣಿಸುವ ಕೆಲಸವನ್ನು ಅಧಿಕಾರಿಗಳು ಯಾವುದೋ ಒಂದು ಸಾಧಾರಣ ಮಂಗಳವಾರದ ಮಧ್ಯಾಹ್ನ ಮುಗಿಸಿಬಿಟ್ಟರೆ, ಖಾಯಂ ಕೂರುವವರು ಮಾತ್ರ ಪಟ್ಟಿಗೆ ಸೇರುತ್ತಾರೆ. ತಾವರೆ ಮೊಗ್ಗು, ಬಾಳೆಕಂದು, ಗರಿಕೆ, ಅವರೆಕಾಯಿ ಹೊತ್ತು ಹಳ್ಳಿಗಳಿಂದ ಹಬ್ಬಕ್ಕೆಂದು ಬರುವವರು ಕಾಗದದಲ್ಲಿ ಇಲ್ಲದವರಾಗಿ ಉಳಿಯುತ್ತಾರೆ. ಆದ್ದರಿಂದ ಸಮೀಕ್ಷೆಯು ಶ್ರಾವಣದಲ್ಲಿ ಆರಂಭವಾಗಿ ಕಾರ್ತಿಕ ಕಳೆದು ಅವರೆಯ ಕಾಲದವರೆಗೂ ನಡೆಯಬೇಕು, ಮತ್ತು ಹಬ್ಬದ ವ್ಯಾಪಾರಿಗಳಿಗೆ ಕೂರುವ ಜಾಗ, ದಿನಗಳು, ಶುಲ್ಕ ಇವನ್ನು ನಮೂದಿಸಿದ ಪ್ರತ್ಯೇಕ ಪ್ರಮಾಣಪತ್ರವನ್ನು ಪಾಲಿಕೆ ನೀಡಬೇಕು.